ಬೋರ್ಡಿನ ಮೇಲಿನ ಸೊನ್ನೆ

ಮೂರು ವಾರದ ಹಿಂದೆ ಪತ್ರಿಕೆಯ ಇದೇ ಜಾಗದಲ್ಲಿ ನಾನು ತಾಲೂಕು ಕಚೇರಿಯವರಿಗೆ ಚೆನ್ನಾಗಿ ಬೈದಿದ್ದೆ. ನೆನಪಿದೆಯೇ?

ಕಚೇರಿ ಮುಂದಿನ ಬೋರ್ಡಿನಲ್ಲಿ ದಿನಾ ಸೊನ್ನೆ ಬರೆಯುತ್ತೀರಿ. ಸತ್ತು ಬಿದ್ದ ಇಲಿ, ಸೊನ್ನೆ. ಪ್ಲೇಗು ಕೇಸು, ಸೊನ್ನೆ. ನಮ್ಮನ್ನೇನು ಮಕ್ಕಳೆಂದುಕೊಂಡಿರಾ? ನಿಜವಾದ ಲೆಕ್ಕ ಕೊಡಿ! ಹೀಗೆ ಬರೆದಿದ್ದೆ. ದೊಡ್ಡಬಳ್ಳಾಪುರದ ಹೋಟೆಲಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಒಬ್ಬರು ನನಗೆ ಕಾಫಿ ಕೊಡಿಸಿದರು. (ಕುಡಿದೆ. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.)

ನಾನು ಅದನ್ನು ಬರೆಯುತ್ತಿದ್ದಾಗ ನಮ್ಮ ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಒಂದು ಸತ್ತ ಇಲಿ ಇತ್ತು. ಹೂತವನು ನಾನೇ.

ಆಮೇಲೆ ಎರಡು ವಾರ ಈ ಜಾಗ ಯಾಕೆ ಖಾಲಿ ಇತ್ತು ಎಂದು ಕೇಳಿದವರಿಗೆಲ್ಲ ಇದೇ ಉತ್ತರ.

ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವನು. ಮಗ್ಗದವನು. ನನ್ನ ಕಾಗುಣಿತವನ್ನು ಪತ್ರಿಕೆಯವರು ತಿದ್ದಿ ಅಚ್ಚು ಹಾಕುತ್ತಾರೆ. ಮನೆಯಲ್ಲಿರುವುದು ನಾನು, ನಮ್ಮಕ್ಕ ಪುಟ್ಟಮ್ಮ. ಭಾವ ಬೆಂಗಳೂರಿನ ಮಿಲ್ಲಿನಲ್ಲಿದ್ದಾರೆ, ಭಾನುವಾರ ಬಂದು ಹೋಗುತ್ತಾರೆ. ಅಕ್ಕ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ, ನಾನು ನೇಯುತ್ತೇನೆ. ಅವಳಿಗೆ ಓದು ಬರದು. ಪ್ರತಿ ವಾರ ಬರೆದದ್ದನ್ನು ಮೊದಲು ಅವಳಿಗೇ ಓದಿ ಹೇಳುತ್ತೇನೆ. ರಾಟೆ ನಿಲ್ಲಿಸಿ ಕೇಳಿದಳೆಂದರೆ ಚೆನ್ನಾಗಿದೆ ಎಂದರ್ಥ.

ಅಂದು ರಾಟೆ ನಿಲ್ಲಿಸಿ ಕೇಳಿದಳು. 'ಸರ್ಯಾಗ್ ಬರ್ದಿದೀಯ ಕಣೋ. ಮುಚ್ಚಿಡೋರ್ ಮುಖಕ್ಕೆ ಹೊಡ್ದಂಗೈತೆ' ಅಂದಳು.

ನಾನು ತಲೆ ತಗ್ಗಿಸಿ ಕಾಗದ ಮಡಿಸಿದೆ.

ಮುಚ್ಚಿಟ್ಟದ್ದು ಯಾಕೆ? ಗೌರಿ ಹಬ್ಬ ಹತ್ತಿರ ಬಂದಿತ್ತು. ಇಷ್ಟು ವರ್ಷ ನಮ್ಮ ಮನೆಯಲ್ಲಿ ನೇಯ್ದ ಸೀರೆಗಳೆಲ್ಲ ಬೇರೆಯವರ ಮೈಮೇಲೇ ಹೋದವು. ಅಕ್ಕನಿಗೆ ಒಂದೂ ಇಲ್ಲ. ಯುದ್ಧದ ಕಾಲ, ನೂಲಿಗೆ ಬರ. ಅಲ್ಲಿ ಇಲ್ಲಿ ಉಳಿದ ನೂಲನ್ನು ಕೂಡಿಸಿಕೊಂಡು ಅವಳಿಗೆಂದೇ ಮಗ್ಗಕ್ಕೆ ಒಂದು ಸೀರೆಯ ಹಾಸು ಹೂಡಿದ್ದೆ. ಗಿಳಿಹಸಿರು ಮೈ, ಕೆಂಪು ಅಂಚು. ಇನ್ನು ನಾಲ್ಕು ಮೊಳ ಬಾಕಿ. ಅಂಥ ಹೊತ್ತಿನಲ್ಲಿ ಬೆಳಿಗ್ಗೆ ಮಗ್ಗದ ಗುಂಡಿಗೆ ಕಾಲು ಬಿಟ್ಟರೆ, ಮೆತ್ತಗೆ ಏನೋ ತಗುಲಿತು.

ಇಲಿ ಬಿತ್ತು ಎಂದು ಹೇಳಿದರೆ ಏನಾಗುತ್ತದೆ, ನಿಮಗೆ ಗೊತ್ತು. ಇಡೀ ಬೀದಿ ಗಂಟುಮೂಟೆ ಕಟ್ಟಿ ಊರಾಚೆ ಗುಡಿಸಲು ಹಾಕಬೇಕು. ಮನೆಯ ಹೆಂಚು ತೆಗೆದು ಒಳಗೆ ಬಿಸಿಲು ಬಿಡುತ್ತಾರೆ. ಪಾತ್ರೆ ಹೊರಬಹುದು, ಕೋಳಿ ಹೊರಬಹುದು. ನೆಲದಲ್ಲಿ ಹೂತ ಗುಂಡಿಮಗ್ಗವನ್ನು ಹೊರುವುದು ಹೇಗೆ? ನಾಲ್ಕು ಮೊಳ ತಾನೇ, ಮೂರು ದಿನದ ಕೆಲಸ, ಮುಗಿಸಿ ಹೇಳಿದರಾಯಿತು ಅಂದುಕೊಂಡೆ.

ಮಾರನೆಯ ದಿನವೇ ಪ್ಲೇಗ್ ಇನ್ಸ್‌ಪೆಕ್ಟರು ಬಾಗಿಲಿಗೆ ಬಂದರು. 'ಇಲಿ ಏನಾದ್ರೂ ಬಿತ್ತೇನಪ್ಪಾ?'

'ಇಲ್ಲ ಸ್ವಾಮಿ.'

ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದಳು. 'ನಮ್ಮುಡುಗ ಪತ್ರಿಕೆಗೆ ಬರಿಯೋನು ಸ್ವಾಮಿ. ಸುಳ್ಳೇಳಾಕಿಲ್ಲ.'

ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಸೊನ್ನೆ ಬರೆದುಕೊಂಡು ಹೋದರು. ಆ ಸೊನ್ನೆಯೇ ಸಂಜೆ ಬೋರ್ಡಿಗೆ ಹತ್ತಿತು. ನನ್ನ ಬರಹ ಅಚ್ಚಾಗಿ ಬಂದ ದಿನ ಬೋರ್ಡಿನ ಮುಂದೆ ನಿಂತು ನಮ್ಮವರು ಎಂದಿನಂತೆ ಜಗಳವಾಡಿದರು.

'ಸೊನ್ನೆ ಅಂತಾವ್ರೆ, ಆದ್ರೂ ಸಂತೆ ಮುಚ್ತಾರಂತೆ. ಸೊಪ್ಪು ಸದೆ ನಿಮ್ಮಪ್ಪ ತಂದ್ಕೊಡ್ತಾನೇನ್ಲಾ?'

'ಮುಚ್ದೆ ಇದ್ರೆ ನಿನ್ನ ಹೊರಾಕೆ ನಾಲ್ಕ್ ಜನಾನೂ ಉಳಿಯಾಕಿಲ್ಲ ಕಣ್ಲಾ!'

'ಎಲ್ಲಾ ಕಚೇರಿಯೋರ ಕಳ್ಳಾಟ ಗುರು. ಪೇಪರ್‌ನೋರೇ ಬರ್ದವ್ರಲ್ಲ!'

ಪೇಪರಿನವನು ಅಲ್ಲೇ ಹಿಂದೆ ನಿಂತಿದ್ದೆ.

ಇನ್ನೊಂದು ಮಾತು. ಅದೇ ನನ್ನನ್ನು ತಿನ್ನುತ್ತಿರುವುದು. ಪ್ಲೇಗು ತಡೆಯುವ ಇನಾಕ್ಯುಲೇಷನ್ ಮದ್ದು ಸಾಲದೆ, ಇಲಿ ಬಿದ್ದ ಬೀದಿಗೆ ಮೊದಲು ಸೂಜಿ ಎಂದು ನಿಯಮ ಮಾಡಿದ್ದರು. ನಾನು ಹೇಳಿದ್ದರೆ ಅಂದೇ ಅಕ್ಕನ ತೋಳಿಗೆ ಸೂಜಿ ಬೀಳುತ್ತಿತ್ತು. ಆ ಸೂಜಿ ಬೇರೆ ಊರಿಗೆ ಹೋಯಿತು.

ಐದನೆಯ ದಿನ ಅಕ್ಕನಿಗೆ ಜ್ವರ. ಆರನೆಯ ದಿನ ತೊಡೆಯ ಸಂದಿಯಲ್ಲಿ ಗೆಡ್ಡೆ. ನೂಲು ಹೊಂದಿಸುವುದರಲ್ಲಿ ಮೂರು ದಿನದ ಕೆಲಸ ಎಳೆದು, ಸೀರೆಯಲ್ಲಿ ಇನ್ನೂ ಒಂದು ಮೊಳ ಬಾಕಿಯಿತ್ತು.

ಅವಳನ್ನು ಊರಾಚೆಯ ಪ್ಲೇಗು ಶೆಡ್ಡಿಗೆ ಒಯ್ದರು, ಬೀದಿಯವರೆಲ್ಲ ಗುಡಿಸಲು ಹಾಕಿಕೊಂಡರು. ಜ್ವರ ಬಂದ ನಮ್ಮ ಬೀದಿಯ ಇನ್ನಿಬ್ಬರೂ ಅವಳ ಹಿಂದೆಯೇ ಶೆಡ್ಡಿಗೆ ಹೋದರು. ಅವರು ಇನ್ನೂ ಅಲ್ಲೇ ಇದ್ದಾರೆ. ಅವರ ಮನೆಯವರು ನನಗೂ ಒಂದು ಮುದ್ದೆ ಕಳಿಸುತ್ತಾರೆ, ಅಕ್ಕ ಇಲ್ಲದ ಮನೆ ಎಂದು. ಅದನ್ನು ಹೇಗೆ ನುಂಗಲಿ, ಹೇಳಿ?

ಶೆಡ್ಡಿನ ಹತ್ತಿರ ನಮ್ಮನ್ನು ಬಿಡುವುದಿಲ್ಲ. ಇಪ್ಪತ್ತು ಮಾರು ದೂರದಲ್ಲಿ ಹಗ್ಗ ಕಟ್ಟಿದ್ದಾರೆ. ಆಚೆ ತಟ್ಟಿ ಗೋಡೆ, ಈಚೆ ನಾವು. ಮಾತೆಲ್ಲ ಕೂಗಿಯೇ ಆಡಬೇಕು. ಒಬ್ಬರ ಮನೆಯ ವಿಷಯ ಎಲ್ಲರ ಕಿವಿಗೂ ಬೀಳುತ್ತದೆ. ಆವತ್ತು ಹಗ್ಗದುದ್ದಕ್ಕೂ ನಮ್ಮ ಬೀದಿಯೇ ನಿಂತಿತ್ತು. ಎರಡು ಸಲ ಹಿಂದಕ್ಕೆ ತಿರುಗಿದೆ. ಮೂರನೆಯ ಸಲ ಕೂಗಿಬಿಟ್ಟೆ.

'ಅಕ್ಕಾ! ಮಗ್ಗದ ಗುಂಡೀಲಿ ಇಲಿ ಬಿದ್ದಿತ್ತು! ನಾನೇ ಹೂತ್ಬಿಟ್ಟೆ! ನಿನ್ ಸೀರೆ ಮುಗಿಸ್ಬೇಕು ಅಂತ!'

ಹಗ್ಗದ ಉದ್ದಕ್ಕೂ ಎಲ್ಲರೂ ನನ್ನ ಕಡೆ ತಿರುಗಿದರು. ತಟ್ಟಿಯ ಆಚೆ ಸದ್ದಿಲ್ಲ. ಪ್ರಾಣ ಹೋಯಿತೇನೋ ಅನ್ನಿಸಿತು. ಅವಳದೋ ನನ್ನದೋ ತಿಳಿಯಲಿಲ್ಲ.

ಕೊನೆಗೆ ಸಣ್ಣ ದನಿ ಬಂತು. 'ಇನ್ನೆಷ್ಟು ಮೊಳ ಐತೆ?'

'ಒಂದು.'

'ಅದ್ನ ಅಂಗೇ ಬಿಡು. ಕಚೇರಿಯೋರ್ನ ಬೈದು ಬರ್ದೆಯಲ್ಲ, ಇದ್ನೂ ಅಷ್ಟೇ ಜೋರಾಗಿ ಬರಿ. ಬರ್ದು ಓದೇಳು. ಅಲ್ಲೀಗಂಟ ಆ ಸೀರೆ ನಾ ಮುಟ್ಟಾಕಿಲ್ಲ.' ಉಸಿರು ಎಳೆದುಕೊಂಡು ಸೇರಿಸಿದಳು: 'ಉಂಡ್ಯಾ?'

ನನಗೆ ಅವಳು ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಅಕ್ಕನ ಗೆಡ್ಡೆ ಒಡೆಯಿತು. ಒಡೆದರೆ ಬದುಕಿದಂತೆ ಎಂದರು ಡಾಕ್ಟರು. ಭಾವ ಹಗ್ಗದ ಹತ್ತಿರವೇ ಕುಳಿತು ಅತ್ತರು. ನಾನು ಅಲ್ಲಿಂದ ಸೀದಾ ಕಚೇರಿಗೆ ಹೋದೆ.

ಇನ್ಸ್‌ಪೆಕ್ಟರು ಕೇಳಿಕೊಂಡರು. ಗದರಲಿಲ್ಲ. 'ಆ ದಿನದ ಲೆಕ್ಕ ಬೆಂಗಳೂರಿಗೆ ಹೋಗಿಬಿಟ್ಟಿದೆಯಲ್ಲಪ್ಪಾ, ಪತ್ರಿಕೆಯವರೇ' ಅಂದರು. ಆದರೂ ಬೋರ್ಡಿನ ಒಂದು ಮೂಲೆಯನ್ನು ಒರೆಸಿ ನನ್ನ ಕೈಗೇ ಸೀಮೆಸುಣ್ಣ ಕೊಟ್ಟರು. ತಾರೀಖು, ಬೀದಿ, ನನ್ನ ಹೆಸರು, ಇಲಿ ಒಂದು. ಬರೆದೆ. ಕಾಗುಣಿತ ತಪ್ಪಿರಬಹುದು. ಅಲ್ಲಿ ತಿದ್ದುವವರು ಯಾರೂ ಇರಲಿಲ್ಲ.

ಸುತ್ತಲೂ ಜನ ಸೇರಿದ್ದರು. ಯಾರಾದರೂ ಉಗಿಯುತ್ತಾರೆ ಎಂದುಕೊಂಡೆ. ಒಬ್ಬರೂ ನನ್ನನ್ನು ನೋಡಲಿಲ್ಲ. ಎಲ್ಲರೂ ಬೋರ್ಡು ನೋಡುತ್ತಿದ್ದರು. ಆಮೇಲೆ ತಲೆ ತಗ್ಗಿಸಿದರು. ಹಾಗೆ ತಲೆ ತಗ್ಗಿಸುವುದು ನನಗೆ ಚೆನ್ನಾಗಿ ಗೊತ್ತು.

ಇದಿಷ್ಟನ್ನೂ ಇವತ್ತು ಹಗ್ಗದ ಈಚೆ ನಿಂತು ಕೂಗಿ ಅಕ್ಕನಿಗೆ ಓದಿ ಹೇಳಿದೆ. ಅಲ್ಲಿ ನಿಲ್ಲಿಸಲು ರಾಟೆ ಇಲ್ಲ. 'ಊಂ, ಕಳ್ಸು' ಅಂದಳು.

ಕಳಿಸಿದ್ದೇನೆ. ನಮ್ಮ ಮನೆಯ ಇಲಿ ಬೋರ್ಡಿಗೆ ಬಂತು.

ನಿಮ್ಮ ಮನೆಯದು?