ಕೊನೆಯನ್ನೂ ಹೇಳಿಬಿಡುವವರು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಬರೆಯುತ್ತ ಹೋದರೆ ಬೇರೆಯವರ ತಲೆಗೆ ಕಟ್ಟುವ ಮನಸ್ಸಾಗಬಹುದು. ಪಾಂಡವಪುರದ ಲೈಬ್ರರಿಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಮ್ಮ ಓದುಗರ ಬಳಗಕ್ಕೆ ಒಬ್ಬ ಹಿರಿಯರು ಬರುವುದನ್ನು ನಿಲ್ಲಿಸಿದ್ದು ನಾನು ಅವರ ಮಿಮಿಕ್ರಿ ಮಾಡಿದ್ದರಿಂದ. ಅದಕ್ಕಿಂತ ದೊಡ್ಡ ಪೆದ್ದುತನ ಬೇರೆ ಇದೆ. ನಾನು ಅಲ್ಲಿಗೆ ಹೋಗುತ್ತಿದ್ದುದೇ ಅವರಿಗಾಗಿ ಎಂಬುದು ಅವರು ಬಿಟ್ಟ ಮೇಲೆ ನನಗೆ ಗೊತ್ತಾಯಿತು.

ನಮ್ಮೂರು ಬಿಂಡಿಗನವಿಲೆ ಕಡೆ. ಇಲ್ಲಿ ಪಾಂಡವಪುರದಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಹಿಂದುಗಡೆಯೇ ರೂಮು. ಊರಲ್ಲಿ ಕುರಿಗಳಿಗಾದರೂ ನನ್ನ ದನಿಯ ಗುರುತಿತ್ತು. ಇಲ್ಲಿ ‘ಎರಡೂ ಸೈಡಾ, ಒಂದೇ ಸೈಡಾ’ ಎಂದು ಕೇಳುವುದರಾಚೆ ದಿನವಿಡೀ ಮಾತಿಲ್ಲ. ಅಂಗಡಿಗೆ ರಜೆಯಾದ ಭಾನುವಾರ ಅದೂ ಇಲ್ಲ. ಹಾಗಾಗಿ ಬಳಗಕ್ಕೆ ಸೇರಿದೆ. ಪುಸ್ತಕವನ್ನು ಅಲ್ಲಿಯವರೆಗೆ ನಾನು ದಿಂಬಿನ ಎತ್ತರ ಸರಿಮಾಡಲು ಬಳಸುತ್ತಿದ್ದೆ.

ಬಳಗ ನಡೆಸುವವರು ಶ್ರೀರಂಗಪಟ್ಟಣದಿಂದ ಬರುವ ನಿವೃತ್ತ ಶಿಕ್ಷಕಿ, ನಮಗೆಲ್ಲ ಮೇಡಂ. ಪ್ರತಿಯೊಬ್ಬರೂ ತಾವು ಓದಿದ ಒಂದು ಪುಸ್ತಕವನ್ನು ಉಳಿದವರಿಗೆ ಸೂಚಿಸಬೇಕು. ಅವರ ನಿಯಮ ಒಂದೇ: ಕಥೆಯ ಕೊನೆ ಹೇಳಕೂಡದು. ಕೆ.ಆರ್.ಎಸ್.ನಿಂದ ಬರುತ್ತಿದ್ದ ಆ ಹಿರಿಯರು ಪ್ರತಿ ವಾರ ಅದನ್ನು ಮುರಿಯುತ್ತಿದ್ದರು. ನೀರಾವರಿ ಇಲಾಖೆಯಲ್ಲಿದ್ದು ರಿಟೈರಾದವರು. ಪುಸ್ತಕದ ರಟ್ಟನ್ನು ಟವೆಲ್ಲಿನಿಂದ ಒರೆಸಿ, “ಈಗೇನಾಯ್ತದೆ ಅಂದ್ರೆ” ಎಂದು ಶುರುಮಾಡಿದರೆ ಡ್ಯಾಮಿನ ಗೇಟು ಎತ್ತಿದ ಹಾಗೆಯೇ.

“ಕೊನೇದು ನಮಗೂ ಸ್ವಲ್ಪ ಬಿಡಿ ಸ್ವಾಮಿ,” ಎನ್ನುತ್ತಿದ್ದರು ಮೇಡಂ.

“ಅದ್ ಯೋಳ್ದೆ ಎಂಗ್ ಬುಡದು ಮೇಡಂ? ಪಾಪ, ಆ ಮನ್ಸ ಅರ್ಧ ದಾರೀಲಿ ನಿಂತವ್ನೆ.”

ನಾನು ರೂಮಿಗೆ ಬಂದು, ಅನ್ನಕ್ಕಿಟ್ಟು, ಆ ಕಥೆಯನ್ನು ಅವರ ದನಿಯಲ್ಲೇ ನನಗೆ ಹೇಳಿಕೊಳ್ಳುತ್ತಿದ್ದೆ. ಮಿಮಿಕ್ರಿ ಪ್ರಾಕ್ಟೀಸು ಅಂದುಕೊಂಡಿದ್ದೆ.

ಒಂದು ಭಾನುವಾರ ಎಲ್ಲರನ್ನೂ ಆಡಿ ತೋರಿಸಿದೆ. ಮೊದಲು ನನ್ನನ್ನೇ: ಪುಸ್ತಕ ತಲೆಕೆಳಗಾಗಿ ಹಿಡಿದು, “ಮೊದಲನೇ ಪುಟ ಅದ್ಭುತ ಮೇಡಂ.” ಆಮೇಲೆ ಮೇಡಂ. ಹಿರಿಯರೇ, “ನಂದೂ ಮಾಡು ಕಣ್ಲಾ,” ಎಂದರು. ಟವೆಲ್ಲು, ಕೆಮ್ಮು, ಎಲ್ಲ ಬಂತು. ಅವರೂ ನಗುತ್ತಿದ್ದರು. ಆದರೆ ಅವರು ಕಥೆ ಹೇಳುವಾಗ ದುಃಖದ ಜಾಗ ಬಂದರೆ ಅವರ ಗಂಟಲು ಕಟ್ಟುತ್ತಿತ್ತು. ನೀರು ಕುಡಿದು, ಕಿಟಕಿ ಕಡೆ ನೋಡಿ ಮುಂದುವರಿಯುತ್ತಿದ್ದರು. ನಾನು ಅದನ್ನೂ ಬಿಡಲಿಲ್ಲ. ಎಲ್ಲರೂ ಬಿದ್ದುಬಿದ್ದು ನಕ್ಕರು. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು.

ಮುಂದಿನ ವಾರ ಒಬ್ಬ ಅಂಬಿಗನ ಕಾದಂಬರಿ ತಂದಿದ್ದರು. “ಒಳ್ಳೆ ಪುಸ್ತಕ. ಓದಿ,” ಎಂದಷ್ಟೇ ಹೇಳಿ ಮೇಜಿನ ಮೇಲಿಟ್ಟರು.

“ಕಥೆ?” ಎಂದರು ಮೇಡಂ.

“ಯೋಳ್ಬಾರ್ದಲ್ವಾ ಮೇಡಂ.”

ಆಮೇಲೆ ಅವರು ಬರಲಿಲ್ಲ. ಉಳಿದವರು ನಿಯಮ ಪಾಲಿಸುತ್ತ ಅರ್ಧರ್ಧ ಕಥೆ ಹೇಳುತ್ತಿದ್ದರು. ಅವನ್ನು ತಂದುಕೊಂಡು ನಾನು ರೂಮಿನಲ್ಲಿ ಏನು ಮಾಡಲಿ? ಅಂಬಿಗನ ಪುಸ್ತಕವನ್ನೇ ತಂದು ಓದಿದೆ. ಹೊಳೆಗೆ ಸೇತುವೆಯಾಗುತ್ತದೆ, ದೋಣಿಗೆ ಜನ ಬರುವುದು ನಿಲ್ಲುತ್ತದೆ. ನಾನು ಪೂರ್ತಿ ಮುಗಿಸಿದ ಮೊದಲ ಪುಸ್ತಕ ಅದು. ಮುಗಿಸಿ ರೂಮಿನ ನಾಲ್ಕು ಗೋಡೆ ನೋಡಿದೆ. ಯಾರಿಗಾದರೂ ಹೇಳಬೇಕಿತ್ತು. ಮೇಡಂಗೆ ಫೋನು ಮಾಡಿದರೆ, “ಕೊನೆ ಹೇಳಬೇಡಪ್ಪ, ನಾನಿನ್ನೂ ಓದಿಲ್ಲ,” ಎಂದರು.

ಕೆ.ಆರ್.ಎಸ್. ಬಸ್ಸು ಹತ್ತಿದೆ. ಹಿರಿಯರು ಬಸ್‌ಸ್ಟಾಂಡ್ ಹತ್ತಿರದ ಹೋಟೆಲಿನಲ್ಲಿ ಒಬ್ಬರೇ ಟೀ ಕುಡಿಯುತ್ತಿದ್ದರು.

“ಏನ್ಲಾ, ಡ್ಯಾಮ್ ನೋಡಕ್ ಬಂದ್ಯಾ?”

“ನಿಮ್ಮನ್ನೇ ನೋಡಕ್ ಬಂದೆ ಸಾ. ಅಂಬಿಗನ್ ಪುಸ್ತಕ ಮುಗುಸ್ದೆ.”

“ಸುಳ್ ಬುಡ್ಬೇಡ.”

“ಕೊನೇಲಿ ಬಸ್ಸತ್ತಿ, ಸೇತುವೆ ಮೇಲೆ ಒಳೆ ದಾಟ್ತಾನೆ ಸಾ.”

ಅವರು ಲೋಟ ಕೆಳಗಿಟ್ಟರು. “ಕಿಟ್ಕಿ ಪಕ್ಕ ಸೀಟ್ ಖಾಲಿ ಇದ್ರೂ ಕೂರಕಿಲ್ಲ. ಅದುನ್ನ ಓದ್ದ್ಯಾ?”

ಓದಿದ್ದೆ. ಆದರೆ ಅವರ ಬಾಯಲ್ಲಿ ಬಂದಾಗಲೇ ಅವನು ಹೊಳೆಯ ಕಡೆ ನೋಡಲಾರದೆ ನಿಂತಿರುವುದು ಕಂಡಿತು.

“ತಪ್ಪಾಯ್ತು ಸಾ. ಭಾನ್ವಾರ ಬನ್ನಿ. ಇನ್ಮೇಲೆ ಯಾರ್ ದನೀನೂ ತೆಗ್ಯಕಿಲ್ಲ.”

“ತೆಗಿ, ಅದ್ರಲ್ಲೇನು. ಜನ ನಗ್ತಾರೆ.”

“ಅಂಗಾರೆ ಬತ್ತೀರಾ? ನಿಮ್ ಕತೆ ಕೇಳ್ದೆ ರೂಮಲ್ಲಿ ಒತ್ತೇ ಓಗಕಿಲ್ಲ ಸಾ.”

ಪಾಂಡವಪುರದ ಬಸ್ಸು ಬಂದು ನಿಂತಿತು. ಅವರು ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡು, ಹತ್ತು ಎಂದು ನನಗೆ ಬಸ್ಸಿನ ಬಾಗಿಲು ತೋರಿಸಿದರು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.

“ನನ್ ದನಿ ನಿನ್ ತಾವೇ ಅದೆಯಲ್ಲ ಕಣ್ಲಾ. ಅದುನ್ನೇ ಎದ್ರುಗ್ ಕೂರುಸ್ಕಂಡು ಕೇಳು.”