ವೈನಿ ಆರಿಸಿಕೊಟ್ಟ ಮದರ್‌ಬೋರ್ಡ್

ಕಂಪ್ಯೂಟರ್ ಬಿಚ್ಚುವ ಮೊದಲು ವೈನಿ ಕೈಬಳೆಗಳನ್ನೆಲ್ಲ ತೆಗೆದು ಷೋಕೇಸಿನಲ್ಲಿಡುತ್ತಿದ್ದರು. ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಬಾಲ್ಕನಿಯ ಕಬ್ಬಿಣದ ಗ್ರಿಲ್ಲನ್ನು ಒಮ್ಮೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಬಳೆಯ ಗುರುತು ಬಿದ್ದ ಮಣಿಕಟ್ಟು, ಉದ್ದನೆಯ ಬೆರಳುಗಳು, ತುಟಿಗಳ ನಡುವೆ ಒಂದು ಸ್ಕ್ರೂ. ಮೈಯಲ್ಲಿರುವ ಕರೆಂಟು ಬೋರ್ಡಿಗೆ ತಾಗದಿರಲಿ ಎಂದು ಹಾಗೆ ಮಾಡುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಅಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ. "ಕಂಪ್ಯೂಟರಿಗೂ ಮಡಿ ಉಂಟಾ?" ಎಂದು ಅಡುಗೆಮನೆಯಿಂದಲೇ ಕೇಳುತ್ತಿದ್ದರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಾವು ಉಡುಪಿ ಕಡೆಯವರು, ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ತುಳು ಮಾತಾಡುವವರು. ನಮ್ಮಲ್ಲಿ ಅತ್ತಿಗೆ ಎನ್ನುತ್ತೇವೆ. ವೈನಿಯ ತಂದೆಯದು ಅಲ್ಲೇ ಪಕ್ಕದ ಕಲ್ಯಾಣದಲ್ಲಿ ಬಟ್ಟೆ ವ್ಯಾಪಾರ, ಮೂಲ ಹುಬ್ಬಳ್ಳಿ. ಮದುವೆಯಾಗಿ ಬಂದ ಹೊಸದರಲ್ಲೇ, "ಅತ್ತಿಗೆ ಅಂದ್ರ ಬ್ಯಾರೆ ಯಾರ್ನೋ ಕರದಂಗ ಆಗತೈತಿ, ವೈನಿ ಅನ್ನು" ಎಂದು ನನಗೆ ಹೇಳಿದರು.

ಸೀರೆಗಳ ಜೊತೆಗೆ ಅವರು ತಮ್ಮ ಗೇಮಿಂಗ್ ಕಂಪ್ಯೂಟರನ್ನೂ ತವರಿನಿಂದ ಹೊತ್ತು ತಂದಿದ್ದರು. ಹೊಸ ಮದುಮಗಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆಟದಲ್ಲಿ ಜೊತೆಗಿರುವ ಯಾರನ್ನೋ ಮರಾಠಿಯಲ್ಲಿ ಗದರುವುದನ್ನು ಕಂಡು ನೆಂಟರು ಮುಸಿಮುಸಿ ನಕ್ಕರು. ಅಣ್ಣನಿಗೆ ಆಟವೆಂದರೆ ಕ್ರಿಕೆಟ್ ಒಂದೇ. ಅವನ ತಂಗಿ, ಕಾಲೇಜಿನಲ್ಲಿದ್ದ ನಾನು ಮಾತ್ರ ಅವರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಮತ್ತೆ ಏಳಲೇ ಇಲ್ಲ ಎನ್ನಬೇಕು.

ಹೊಸ ಆಟಗಳಿಗೆ ಆ ಕಂಪ್ಯೂಟರಿನ ಪ್ರೊಸೆಸರ್ ಸಾಲದಾಯಿತು. ಹೊಸ ಪ್ರೊಸೆಸರ್ ಹಳೆಯ ಮದರ್‌ಬೋರ್ಡಿನಲ್ಲಿ ಕೂರುವುದಿಲ್ಲ, ಬೋರ್ಡನ್ನೇ ಬದಲಿಸಬೇಕು. ನಾನು ಚಪ್ಪಲಿ ಹಾಕಿಕೊಂಡು ಅಂಗಡಿಗೆ ಹೊರಟೇಬಿಟ್ಟಿದ್ದೆ. ವೈನಿ ನನ್ನನ್ನು ಎಳೆದು ಬಿಚ್ಚಿದ ಕಂಪ್ಯೂಟರ್ ಡಬ್ಬದ ಮುಂದೆ ಕೂರಿಸಿದರು.

"ಅಂಗಡಿಗೆ ಆಮ್ಯಾಲೆ ಹೋಗೂಣು. ಮದ್ಲ ಮನ್ಯಾಗಿದ್ದವರೊಳಗ ಯಾರ್ ಯಾರ್ ಉಳೀತಾರ, ಅದನ್ನ ನೋಡ್ಕೋ."

ರ‍್ಯಾಮ್ ಚೆನ್ನಾಗಿದೆ, ಉಳಿಯುತ್ತದೆ. ಪವರ್ ಸಪ್ಲೈಗೆ ಇನ್ನೂ ಕಸುವಿದೆ, ಅದೂ ಉಳಿಯುತ್ತದೆ. ಡಬ್ಬ ಚಿಕ್ಕದು, ದೊಡ್ಡ ಬೋರ್ಡ್ ಹಿಡಿಸುವುದಿಲ್ಲ. ಹೊಸದಾಗಿ ಬರುವ ಬೋರ್ಡ್ ಇವರೆಲ್ಲರ ಜೊತೆ ಬಾಳಬೇಕು. ಪ್ರೊಸೆಸರಿಗೆ ಸರಿಯಾದ ಬೋರ್ಡನ್ನು ಎಲ್ಲರೂ ನೋಡಿಯೇ ತರುತ್ತಾರೆ, ಮೋಸ ಹೋಗುವುದು ರ‍್ಯಾಮಿನಲ್ಲಿ ಮತ್ತು ಅಳತೆಯಲ್ಲಿ ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ.

ಥಾಣೆ ಪೇಟೆಯ ಅಂಗಡಿಯಲ್ಲಿ ನನ್ನ ಕಣ್ಣು ಬಣ್ಣದ ದೀಪಗಳಿದ್ದ ದೊಡ್ಡ ಬೋರ್ಡಿನ ಮೇಲೆಯೇ ಇತ್ತು. ಹಳೆಯದನ್ನೆಲ್ಲ ಬಿಸಾಕಿ ಪೂರಾ ಹೊಸ ಸೆಟ್ ಒಯ್ಯಿರಿ ಎಂದು ಅಂಗಡಿಯವನ ಉಪದೇಶ. ವೈನಿ ಸೊಪ್ಪು ಹಾಕಲಿಲ್ಲ. ಹೊಸ ಪ್ರೊಸೆಸರನ್ನೂ ನಮ್ಮ ಹಳೆಯ ರ‍್ಯಾಮನ್ನೂ ಒಪ್ಪುವ, ನೋಡಲು ಏನೇನೂ ಚೆಂದವಿಲ್ಲದ ಒಂದು ಪುಟ್ಟ ಕರಿ ಬೋರ್ಡನ್ನು ಹುಡುಕಿ ತೆಗೆಸಿದರು. ಅಂಗಡಿಯಲ್ಲಿ ಬಹಳ ಕಾಲ ಕೂತ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತು ಸಿಗದೆ ಹೋಗಬಹುದೆಂದು, ಅಲ್ಲೇ ಚಾಲೂ ಮಾಡಿಸಿ ನೋಡಿದರು. ನನಗೆ ಆಗ ಸಣ್ಣಗೆ ಮುನಿಸು ಬಂದಿತ್ತು. ಲೋಕಲ್ ರೈಲಿನಲ್ಲಿ ವಾಪಸಾಗುವಾಗ ಒಂದು ವಡಾಪಾವಿನಲ್ಲಿ ಅದೂ ಇಳಿಯಿತು.

ಮನೆಗೆ ಬಂದು ಎಲ್ಲ ಜೋಡಿಸಿ, ಕೊನೆಯ ವೈರೂ ಸಿಕ್ಕಿಸಿ ನೋಡಿದರೆ, ಹಿಂಬದಿಗೆ ಹಾಕಬೇಕಾದ ತಗಡಿನ ಪಟ್ಟಿ ರಟ್ಟಿನ ಪೆಟ್ಟಿಗೆಯಲ್ಲೇ ಉಳಿದಿದೆ. ಅದನ್ನು ಬೋರ್ಡಿಗಿಂತ ಮೊದಲು ಕೂರಿಸಬೇಕು. ಅಂದರೆ ಮತ್ತೆ ಎಲ್ಲ ಬಿಚ್ಚಬೇಕು. ನನಗೆ ಅಳುವೇ ಬಂತು. ವೈನಿ ನೆಲದ ಮೇಲೆ ಕಾಲು ಚಾಚಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಏನಾಯಿತೆಂದು ನೋಡಲು ಬಂದ ಅಮ್ಮ, ಏನೂ ಅರ್ಥವಾಗದೆಯೇ ತಾವೂ ನಗತೊಡಗಿದರು. ನಮ್ಮ ಮನೆಯಲ್ಲಿ ಅಂಥ ನಗು ಮತ್ತೆ ಕೇಳಿಲ್ಲ.

ಅಣ್ಣ ಮತ್ತು ವೈನಿ ಬೇರೆಯಾದರು. ಯಾರದು ತಪ್ಪು ಎಂದು ನೆಂಟರು ಸಾಕಷ್ಟು ಕೆದಕಿದರು; ನಾನು ಕೆದಕಲಿಲ್ಲ. ಇಬ್ಬರೂ ಒಳ್ಳೆಯವರು, ಇಬ್ಬರಿಗೂ ಸುಖವಿರಲಿಲ್ಲ. ಹೋಗುವಾಗ ವೈನಿ ಹೆಡ್‌ಫೋನ್ ಮಾತ್ರ ತೆಗೆದುಕೊಂಡು, ಕಂಪ್ಯೂಟರನ್ನು ನನಗೆ ಬಿಟ್ಟರು. ಅಣ್ಣನ ಮದುವೆ ಕಾಗದದ ಮೇಲೆ ಮುಗಿಯಿತು. ನನ್ನ ಮತ್ತು ವೈನಿಯ ನಡುವಿನದಕ್ಕೆ ಯಾರೂ ಕಾಗದ ಮಾಡಲಿಲ್ಲ, ಅದು ಇದೆಯೆಂದೇ ಯಾರಿಗೂ ಹೊಳೆಯಲಿಲ್ಲ. ಫೋನ್ ಮಾಡಬೇಕೆಂದು ಎಷ್ಟು ಸಲ ಅನಿಸಿತೋ. ಅಣ್ಣನ ತಂಗಿ ನಾನು, ಯಾವ ಮುಖ ಹೊತ್ತು ಮಾಡಲಿ?

ಈಗ ನನಗೆ ನವಿ ಮುಂಬಯಿಯ ನೆರೂಳದಲ್ಲಿ ಕೆಲಸ, ಬಾಡಿಗೆ ಮನೆ. ಕಂಪ್ಯೂಟರ್ ನನ್ನ ಜೊತೆಗಿದೆ. ಈ ವರ್ಷ ಆ ಕರಿ ಬೋರ್ಡ್ ಸತ್ತಿತು. ಅದೇ ಬೋರ್ಡ್ ಈಗ ಸಿಗುವುದಿಲ್ಲ. ಬದಲಿಗೆ ಯಾವುದನ್ನು ತರಬೇಕೆಂದು ಕಂಡುಕೊಳ್ಳುವುದು ನನಗೇನೂ ಕಷ್ಟವಿರಲಿಲ್ಲ, ಕಲಿಸಿದವರು ಅವರೇ ತಾನೆ. ಆದರೂ ಬಿಚ್ಚಿದ ಡಬ್ಬದ ಫೋಟೋ ತೆಗೆದು, ಯಾವ ಬೋರ್ಡ್ ತರಲಿ ಎಂದು ಅವರಿಗೆ ಕಳಿಸಿದೆ. ಮೊದಲು ಅವರ ಹೆಸರು ಬರೆದೆ. ಯಾರೋ ಗುರುತಿಲ್ಲದವರ ಹೆಸರಿನಂತೆ ಕಂಡಿತು. ಅಳಿಸಿ, ವೈನಿ ಎಂದೇ ಬರೆದೆ.

ಉತ್ತರ ತಡವಾಗಲಿಲ್ಲ. ರ‍್ಯಾಮ್ ಯಾವುದು, ಡಬ್ಬ ಅದೇ ಏನು ಎಂದು ಎಂದಿನಂತೆ ಪ್ರಶ್ನೆಗಳು, ಆಮೇಲೆ ಒಂದು ಬೋರ್ಡಿನ ಹೆಸರು. ಅದರ ಕೆಳಗೆ: "ಇನ್ನ ವೈನಿ ಅನಬ್ಯಾಡವ್ವ. ಮುಂದಿನ ತಿಂಗಳ ನಿಮ್ಮ ಮನಿಗೆ ಹೊಸ ಸೊಸಿ ಬರ್ತಾಳಂತ. ಆ ಮಾತು ಅಕಿಗಿರ್ಲಿ."

ಅಣ್ಣನ ಎರಡನೇ ಮದುವೆಯ ಸುದ್ದಿ ಅವರಿಗೆ ಮುಟ್ಟಿತ್ತು. "ಅವರು ಉಡುಪಿಯವರು. ಅವರನ್ನು ಅತ್ತಿಗೆ ಅಂತ ಕರೀತೇನೆ. ವೈನಿ ನೀವೇ" ಎಂದು ಕಳಿಸಿದೆ. ಅವರು ಏನೋ ಬರೆಯುತ್ತಿರುವುದು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಕೊನೆಗೆ ಬಂದದ್ದು ಇಷ್ಟೇ: "ಚಾಲೂ ಆದ ಮ್ಯಾಲೆ ಫೋನ್ ಮಾಡು."

ಅವರು ಹೇಳಿದ ಬೋರ್ಡನ್ನೇ ತಂದೆ. ಮೊದಲ ಸಲಕ್ಕೇ ಚಾಲೂ ಆಯಿತು. ಅಣ್ಣನ ಮದುವೆಯೂ ಆಯಿತು. ಅತ್ತಿಗೆ ಒಳ್ಳೆಯ ಹೆಂಗಸು, ನನಗೆ ಇಷ್ಟವಾಗಿದ್ದಾರೆ. ವೈನಿಗೆ ಮಾತ್ರ ನಾನು ಇನ್ನೂ ಫೋನ್ ಮಾಡಿಲ್ಲ. ಚಾಲೂ ಆಯಿತು ಎಂದು ಹೇಳಿಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ, ಇನ್ನೊಂದು ನೆಪ ನನ್ನ ಹತ್ತಿರ ಇಲ್ಲ. ಹೇಳದಿರುವಷ್ಟು ದಿನ ಅವರು ನನ್ನ ಫೋನಿಗೆ ಕಾಯುತ್ತಿರುತ್ತಾರೆ.