ಖಾಲಿ ಕುರ್ಚಿಯ ಮದುಮಗಳು

ನಿದ್ದೆ ಮಾಡುವಾಗ ಅವರ ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ರೆಪ್ಪೆಯ ಬಲವನ್ನು ತೆಗೆದುಕೊಂಡು ಹೋಗಿತ್ತಂತೆ. ಊಟವಾದ ಮೇಲೆ ಸರ್ವೆ ಲ್ಯಾಬಿನ ಮೂಲೆಯಲ್ಲಿ ಕುರ್ಚಿಗೆ ತಲೆ ಆನಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೆ, ರೆಪ್ಪೆಯ ಕೆಳಗೆ ಒಂದು ಬಿಳಿಯ ಗೆರೆ ಉಳಿಯುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಮೊದಲ ಸಲ ನೋಡಿ ಹೆದರಿ ಹೊರಗೆ ಬಂದಿದ್ದೆ. ಮಲಗಿದ್ದಾರೋ, ನೋಡುತ್ತಿದ್ದಾರೋ ಎಂದು ಲ್ಯಾಬಿನ ಸಹಾಯಕಿಯನ್ನು ಕೇಳಿದರೆ ಅವಳು, "ಎರಡೂ ಉಂಟು. ನೀವು ಜಾಗ್ರತೆ" ಎಂದಳು.

ಉಡುಪಿ ಕಡೆಯ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗಕ್ಕೆ ಅವರು ಮುಖ್ಯಸ್ಥೆ. ಆ ಕುರ್ಚಿಗೆ ಬಂದ ಮೊದಲ ಹೆಂಗಸು. ಮದುವೆಯಾಗಿರಲಿಲ್ಲ. ಹುಟ್ಟಿದ ಮನೆ ಕಾರ್ಕಳದಲ್ಲಿ, ಇದ್ದದ್ದು ಮಣಿಪಾಲದ ಬಾಡಿಗೆ ಮನೆಯಲ್ಲಿ ಒಬ್ಬರೇ. ನಮಗೆಲ್ಲ ಬರೀ ಮೇಡಂ.

ಶನಿವಾರ ಮಧ್ಯಾಹ್ನ ಕಾಲೇಜಿನ ಹೆಂಗಸರೆಲ್ಲ ಅವರ ಲ್ಯಾಬಿನಲ್ಲಿ ಬುತ್ತಿ ಬಿಚ್ಚಬೇಕು. ಪಾಠ ಮಾಡುವವರು, ಆಫೀಸಿನವರು, ಕಸ ಗುಡಿಸುವವರು, ಎಲ್ಲರೂ. ಪ್ರತಿಯೊಬ್ಬರೂ ಆ ವಾರ ತಮಗೆ ಅಡ್ಡ ಬಂದ ಒಂದು ಗೋಡೆಯ ಬಗ್ಗೆ ಹೇಳಬೇಕು, ಅದಕ್ಕೆ ಎಂತ ಮಾಡಿದೆವು ಎಂದೂ ಹೇಳಬೇಕು. ಅಳುವುದಾದರೆ ಮಜ್ಜಿಗೆ ಅನ್ನ ಮುಗಿದ ಮೇಲೆ ಎಂಬುದು ಅವರ ಕಟ್ಟಪ್ಪಣೆ. "ಮದುವೆಯಾದವಳಿಗೆ ಮಕ್ಕಳನ್ನು ಯಾರು ನೋಡುತ್ತಾರೆ ಅಂತ ಕೇಳುತ್ತಾರೆ. ಆಗದವಳಿಗೆ ನಿನ್ನನ್ನು ಯಾರು ನೋಡುತ್ತಾರೆ ಅಂತ. ಕೆಲಸ ಯಾರು ನೋಡುತ್ತಾರೆ ಅಂತ ಕೇಳಿದವರು ಇಲ್ಲ ಮಾರಾಯ್ತಿ" ಎಂದು ನಗಿಸುತ್ತಿದ್ದರು.

ಹೆರಿಗೆ ರಜೆ ಮುಗಿಸಿ ಬಂದಾಗ ಪಾಠದ ಜೊತೆಗೆ ನನಗಿದ್ದ ಕಟ್ಟಡ ಸೈಟಿನ ಕೆಲಸವನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು. ಮೇಡಂ ನನ್ನನ್ನು ಸೀದಾ ಮೀಟಿಂಗಿಗೆ ಕರೆದುಕೊಂಡು ಹೋದರು. "ಮಗು ಸಣ್ಣದಲ್ವಾ? ನಿಮಗೇ ಕಷ್ಟ" ಎಂದು ಹಿರಿಯರೊಬ್ಬರು ಬಹಳ ಪ್ರೀತಿಯಿಂದ ಹೇಳಿದರು. ಮೇಡಂ ನನ್ನ ಪರವಾಗಿ ಒಂದಕ್ಷರ ಮಾತಾಡಲಿಲ್ಲ. ಆ ಎಡಗಣ್ಣಿನಿಂದ ನನ್ನನ್ನೇ ನೋಡುತ್ತಾ ಕುಳಿತರು. ಕಡೆಗೆ ನಾನೇ ಹೇಳಿದೆ, ಕಷ್ಟವೋ ಸುಖವೋ ನಾನು ನೋಡಿಕೊಳ್ಳುತ್ತೇನೆ, ಕೆಲಸ ನನ್ನದು ಎಂದು. ಕೆಲಸ ವಾಪಸು ಬಂತು. ಹೊರಗೆ ಬಂದು, ಒಂದು ಮಾತು ಹೇಳಬಾರದಿತ್ತಾ ಮೇಡಂ ಎಂದು ಸಿಟ್ಟು ಮಾಡಿದೆ. "ನಾನು ಹೇಳಿದ್ದರೆ ಕೆಲಸ ಸಿಗುತ್ತಿತ್ತು. ಸ್ವರ ಸಿಗುತ್ತಿರಲಿಲ್ಲ" ಎಂದರು.

ಮಳೆಗಾಲದ ಆಟಿ ತಿಂಗಳ ಒಂದು ಶನಿವಾರ ಲ್ಯಾಬಿನ ಸಹಾಯಕಿ ತನ್ನ ನೆಂಟರ ಮನೆಯ ಕುಲೆ ಮದುವೆಯ ಸುದ್ದಿ ತಂದಳು. ನಮ್ಮ ಕಡೆ ಮದುವೆಯಾಗದೆ ಸತ್ತವರು ಕುಲೆಯಾಗಿ, ಅಂದರೆ ಪ್ರೇತವಾಗಿ, ಮನೆಯವರ ಶುಭಕಾರ್ಯಗಳಿಗೆ ಅಡ್ಡ ಬರುತ್ತಾರೆ ಎಂಬ ನಂಬಿಕೆ ಉಂಟು. ಆಗ ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನು ಹುಡುಕಿ ಸಂಬಂಧ ಮಾಡುತ್ತಾರೆ. ನಾವು ನಕ್ಕೆವು. ಮೇಡಂ ನಗಲಿಲ್ಲ.

"ನನಗೂ ಮಾಡುತ್ತಾರೆ, ನೋಡ್ತಾ ಇರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬದುಕಿದ್ದಾಗ ಬೇಡ ಅಂದದ್ದನ್ನು ಸತ್ತ ಮೇಲೆ ಕಟ್ಟುವುದು ಬೇಡ. ನೀನು ಹೋಗಿ ಹೇಳಬೇಕು."

"ನಾನು ಯಾರು ಮೇಡಂ ಹೇಳಲಿಕ್ಕೆ?"

"ಈ ಪ್ರಶ್ನೆ ಅವರು ಕೇಳಲಿ. ನೀನೇ ಕೇಳಿಕೊಳ್ಳಬೇಡ."

ಆಯಿತು ಎಂದೆ.

ನಿವೃತ್ತಿಯ ಮರುವರ್ಷ ಅವರು ತೀರಿಕೊಂಡರು, ಮಿದುಳಿನಲ್ಲಿ ರಕ್ತನಾಳ ಒಡೆದು. ಕಾರ್ಕಳದ ಮನೆಯ ಚಾವಡಿಯಲ್ಲಿ ಮಲಗಿಸಿದ್ದಾಗ ಅವರ ತಮ್ಮ ಎಡಗಣ್ಣಿನ ಮೇಲೆ ಮತ್ತೆ ಮತ್ತೆ ಕೈ ಸವರಿದರು. ಬಿಳಿಯ ಗೆರೆ ಹಾಗೆಯೇ ಉಳಿಯಿತು. "ಅಕ್ಕನಿಗೆ ಏನೋ ಆಸೆ ಉಳಿದಿದೆ" ಎಂದು ಯಾರೋ ಪಿಸುಗುಟ್ಟಿದರು. ಅದು ಜ್ವರದ ಗುರುತು ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಆ ಪಿಸುಮಾತು ಬೆಳೆಯಿತು. ತಮ್ಮನ ಮಗಳಿಗೆ ಬಂದ ಸಂಬಂಧಗಳು ಒಂದೊಂದಾಗಿ ತಪ್ಪಿದವು. ಜ್ಯೋತಿಷಿಯ ಬಳಿ ಪ್ರಶ್ನೆ ಇಟ್ಟರೆ ಅಕ್ಕನ ಕುಲೆಗೆ ಮದುವೆಯಾಗಬೇಕು ಎಂದು ಬಂತು. ಕಾಪು ಕಡೆಯ ಒಂದು ಮನೆಯಲ್ಲಿ ಎಷ್ಟೋ ವರ್ಷಗಳ ಹಿಂದೆ ಹರೆಯದಲ್ಲೇ ತೀರಿಹೋದ ಹುಡುಗನೊಬ್ಬ ಸಿಕ್ಕಿದ. ತಮ್ಮ ನನಗೆ ಫೋನ್ ಮಾಡಿದರು. "ಅಕ್ಕನಿಗೆ ಹತ್ತಿರದವರು ನೀವೇ. ಮದುಮಗಳ ಪರವಾಗಿ ನೀವೇ ನಿಲ್ಲಬೇಕು."

ಮೇಡಂಗೆ ಇದು ಬೇಡವಾಗಿತ್ತು, ನನ್ನ ಹತ್ತಿರ ಹೇಳಿದ್ದರು ಎಂದೆ. ಅವರು ನಕ್ಕರು. "ಹುಡುಗಿಯರು ಮೊದಲು ಹಾಗೇ ಹೇಳುವುದಲ್ವಾ?"

ಹೋದೆ. ಹಾಡುಹಗಲು, ಮಳೆ ನಿಂತು ಬಿಸಿಲು ಬಿದ್ದಿತ್ತು. ಚಾವಡಿಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಪಂಚೆ, ಶಾಲು. ಇನ್ನೊಂದು ಖಾಲಿ. ಕಾಪುವಿನಿಂದ ಬಂದ ಹುಡುಗನ ತಾಯಿ, ಈಗ ಬಾಗಿದ ಬೆನ್ನಿನ ಅಜ್ಜಿಯಾಗಿದ್ದವರು, ಧಾರೆ ಸೀರೆಯನ್ನೂ ಮಲ್ಲಿಗೆಯನ್ನೂ ತಂದು ಕೊಟ್ಟರು. ಸೀರೆಯನ್ನು ಒಳಗಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಿದರು. ಉಡಲು ಮದುಮಗಳಿಗೆ ಸಮಯ ಕೊಡಬೇಕಂತೆ. ನಾವೆಲ್ಲ ಮುಚ್ಚಿದ ಬಾಗಿಲನ್ನು ನೋಡುತ್ತಾ ಕಾದೆವು. "ಎಂತ, ಇಷ್ಟು ತಡ? ಮೀಟಿಂಗ್ ಉಂಟೋ ಏನೋ" ಎಂದು ಯಾರೋ ಮದುವೆಮನೆಯ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಒಳಗೆ ಸೀರೆ ಸರಭರ ಎಂದಂತೆ ಕೇಳಿತು. ಗಾಳಿಯಿರಬೇಕು, ಆದರೆ ಆ ಕೋಣೆಗೆ ಕಿಟಕಿ ಇರಲಿಲ್ಲ.

ಸೀರೆಯನ್ನು ತಂದು ಖಾಲಿ ಕುರ್ಚಿಗೆ ಹೊದಿಸಿ ಮಲ್ಲಿಗೆ ಇಟ್ಟರು. ಅದರ ಹಿಂದೆ ನನ್ನನ್ನು ನಿಲ್ಲಿಸಿದರು. ಹಿರಿಯರೊಬ್ಬರು ಕುರ್ಚಿಯನ್ನು ನೋಡಿ ಕೇಳಿದರು. "ಮಗಳೇ, ಈ ಸಂಬಂಧಕ್ಕೆ ಒಪ್ಪಿಗೆ ಉಂಟಾ?"

ನಾನು ಉಂಟು ಎನ್ನಬೇಕಿತ್ತು.

"ಇಲ್ಲ" ಎಂದೆ.

ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಚಾವಡಿಯಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಕುರ್ಚಿಯ ಮೇಲಿತ್ತು. "ಅಕ್ಕನದೇ ಸ್ವರ" ಎಂದು ಒಬ್ಬಳು ನಡುಗುತ್ತಾ ಹೇಳಿದಳು. ತಮ್ಮ ಬಂದು ನನ್ನ ಕಾಲ ಬಳಿ ಕುಸಿದು, "ತಪ್ಪಾಯಿತು ಅಕ್ಕಾ, ನಿನಗೆ ಬೇಡದ್ದು ಮಾಡುವುದಿಲ್ಲ" ಎಂದು ಅತ್ತರು. ಹೇಳಿದ್ದು ನಾನು ಎಂದೆ. ಕೇಳುವವರು ಯಾರು? ಫೋನಿನಲ್ಲಿ ನಾನು ಹೇಳಿದಾಗ ನಗೆಯಾಡಿದ ಮಾತಿಗೆ, ಸತ್ತವಳು ಆಡಿದಳೆಂದು ಈಗ ಕೈ ಮುಗಿಯುತ್ತಿದ್ದರು. ನನಗೆ ಹೆದರಿಕೆಯಾದದ್ದು ಆಗಲೇ, ಕುಲೆಯಿಂದಲ್ಲ.

ಕಾಪುವಿನವರು ಹೊರಟರು. ಸೀರೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ ಅಜ್ಜಿ ಅಂಗಳದಲ್ಲಿ ನನ್ನನ್ನು ಬದಿಗೆ ಕರೆದರು. ಬೈಯುತ್ತಾರೆ ಎಂದುಕೊಂಡೆ. ಅವರ ಮಗನ ಮದುವೆಯೂ ನಿಂತಿತ್ತಲ್ಲ.

"ಅವಳು ಬಂದಳು ಅಂತ ಹೇಳ್ತಾರೆ ಇವರು. ಹೇಳಿದ್ದು ನೀನಲ್ವಾ?"

"ಹೌದಮ್ಮ, ನಾನೇ."

"ನನ್ನ ಮದುವೆಯಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ" ಎಂದರು. ನಂತರ ಸ್ವರ ತಗ್ಗಿಸಿ, "ಯಾರ ಹತ್ತಿರವೂ ಹೇಳಬೇಡ ಮಗಾ. ಅವಳೇ ಅಂತ ಇರಲಿ. ನೀನು ಅಂತ ಗೊತ್ತಾದರೆ ನಾಳೆ ಪುನಃ ಕುರ್ಚಿ ಇಡುತ್ತಾರೆ."

ಇಷ್ಟು ದಿನ ಹೇಳಿರಲಿಲ್ಲ. ಆದರೆ ಮೇಡಂ ನನಗೆ ಕೊಡಿಸಿದ ಸ್ವರವನ್ನು ಸತ್ತವರ ಹೆಸರಿನಲ್ಲಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಇಗೋ, ಬರೆದುಬಿಟ್ಟಿದ್ದೇನೆ. ಕುರ್ಚಿ ಇಟ್ಟರೆ ಮತ್ತೆ ಹೋಗುತ್ತೇನೆ.